ಎಂಬಾಲೆಯ ಮಕ್ಕಳ ಆಸ್ಪತ್ರೆಗೆ ಹೊರಡುವ ಮುಂಚೆ

ಸಭಾಪಾಲಕರಿಗೆ, ಹಿರಿಯರಿಗೆ, ಯುವಜನ ಕೂಟದ ಎಲ್ಲರಿಗೂ ನಮಸ್ಕಾರ.

ನೀವು ಕೆಲವರು ಉಗಾಂಡಕ್ಕೆ ಮಿಷನ್ ಟ್ರಿಪ್ ಹೊರಟಿದ್ದೀರಿ. ಎಂಬಾಲೆ ಊರಿನ ಮಕ್ಕಳ ಆಸ್ಪತ್ರೆಯನ್ನೂ ನೋಡಿ ಬರಬೇಕು ಅಂತ ಆಸೆಯಂತೆ. ನಾನು ಆ ಊರು ಕಂಡವಳಲ್ಲ. ಆದರೆ ಮಕ್ಕಳ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಅಲ್ಲಿ ಮುಖ್ಯವಾಗಿ ನೋಡುವ ಕಾಯಿಲೆ ನನಗೆ ಗೊತ್ತು. ವಾರ್ಡಿಗೆ ಭೇಟಿ ಕೊಡುವ ಗುಂಪುಗಳೂ ಗೊತ್ತು! ಎರಡರ ಬಗ್ಗೆಯೂ ಹೇಳುತ್ತೇನೆ.

ಮೊದಲು ಕಾಯಿಲೆ. ಮಿದುಳಿನ ಒಳಗೆ ತಿಳಿನೀರಿನಂಥ ಒಂದು ದ್ರವ ಸದಾ ಒಸರುತ್ತಿರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಹರಿದು ರಕ್ತ ಸೇರಬೇಕು. ದಾರಿ ಕಟ್ಟಿಕೊಂಡರೆ ಒಳಗೇ ನಿಲ್ಲುತ್ತದೆ. ಎಳೆಮಗುವಿನ ತಲೆಬುರುಡೆ ಇನ್ನೂ ಕೂಡಿಕೊಂಡಿರುವುದಿಲ್ಲ. ಹಾಗಾಗಿ ತಲೆ ದೊಡ್ಡದಾಗುತ್ತಾ ಹೋಗುತ್ತದೆ. ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿಯುತ್ತದೆ, ಮಗು ಕುಡಿದ ಹಾಲೆಲ್ಲ ಕಕ್ಕುತ್ತದೆ. ಡಾಕ್ಟರುಗಳು ಹೈಡ್ರೋಸೆಫಲಸ್ ಅನ್ನುತ್ತಾರೆ. ತಾಯಂದಿರು 'ತಲೆಯಲ್ಲಿ ನೀರು ತುಂಬಿದೆ' ಅನ್ನುತ್ತಾರೆ. ಹಾಗೇ ಬಿಟ್ಟರೆ ಹೆಚ್ಚಿನ ಮಕ್ಕಳು ಉಳಿಯುವುದಿಲ್ಲ. ಉಳಿದರೂ ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ.

ಇದಕ್ಕೆ ಎಲ್ಲ ಕಡೆ ಮಾಡುವ ಚಿಕಿತ್ಸೆ ಶಂಟ್. ಮಿದುಳಿನಿಂದ ಹೊಟ್ಟೆಯವರೆಗೆ ಚರ್ಮದ ಅಡಿಯಲ್ಲಿ ಒಂದು ಸಣ್ಣ ಟ್ಯೂಬು, ನಡುವೆ ಒಂದು ವಾಲ್ವು. ಒಳ್ಳೆಯ ಉಪಾಯವೇ. ಆದರೆ ಟ್ಯೂಬು ಕಟ್ಟಿಕೊಳ್ಳುತ್ತದೆ, ಸೋಂಕು ತಗಲುತ್ತದೆ. ಅನುಕೂಲ ಇರುವ ದೇಶಗಳಲ್ಲೂ ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಸುಮಾರು ಶೇಕಡಾ 40 ಮೊದಲ ಎರಡು ವರ್ಷದಲ್ಲೇ ಕೆಡುತ್ತವೆ. ಕೆಟ್ಟ ಶಂಟಿನ ಮಗುವನ್ನು ರಾತ್ರೋರಾತ್ರಿ ಎತ್ತಿಕೊಂಡು ಬರುವ ಅಪ್ಪಂದಿರನ್ನು ನಾನು ಎಷ್ಟೋ ನೋಡಿದ್ದೇನೆ. ನಮ್ಮಲ್ಲಿ ಬಸ್ಸಾದರೂ ಸಿಗುತ್ತಿತ್ತು. ಉಗಾಂಡದ ಹಳ್ಳಿಯಿಂದ ಎರಡು ದಿನ ಪ್ರಯಾಣ ಮಾಡಬೇಕಾದವರು ಏನು ಮಾಡಬೇಕು?

ಎಂಬಾಲೆ ಇರುವುದು ಉಗಾಂಡದ ಪೂರ್ವಕ್ಕೆ, ಎಲ್ಗಾನ್ ಬೆಟ್ಟದ ಬುಡದಲ್ಲಿ. ಅಲ್ಲಿನ ಆಸ್ಪತ್ರೆ ಕ್ಯೂರ್ ಇಂಟರ್‌ನ್ಯಾಷನಲ್ ಅನ್ನುವ ಕ್ರೈಸ್ತ ಸಂಸ್ಥೆಯದು. ಸ್ಕಾಟ್ ಹ್ಯಾರಿಸನ್ ಅನ್ನುವ ಅಮೆರಿಕದ ಮೂಳೆ ಸರ್ಜನ್ ಮತ್ತು ಅವರ ಹೆಂಡತಿ ಸ್ಯಾಲಿ 1996ರಲ್ಲಿ ಶುರು ಮಾಡಿದ ಸಂಸ್ಥೆ. ರೋಗಿಗಳನ್ನು ವಾಸಿಮಾಡಿ, ದೇವರ ರಾಜ್ಯವನ್ನು ಸಾರಿ ಅಂತ ಯೇಸು ಶಿಷ್ಯರನ್ನು ಕಳಿಸಿದ ಮಾತು ಲೂಕನ ಸುವಾರ್ತೆಯಲ್ಲಿದೆಯಲ್ಲ, ಅದೇ ಅವರ ಧ್ಯೇಯ.

ಆ ಆಸ್ಪತ್ರೆ ಕಟ್ಟುವುದಕ್ಕೆ 2000ದಲ್ಲಿ ಬೆಂಜಮಿನ್ ವಾರ್ಫ್ ಅನ್ನುವ ಅಮೆರಿಕದ ನರಸರ್ಜನ್ ಹೆಂಡತಿ ಮತ್ತು ಆರು ಮಕ್ಕಳ ಜೊತೆ ಉಗಾಂಡಕ್ಕೆ ಹೋದರು. ವಾರದ ಭೇಟಿಯಲ್ಲ, ಮನೆ ಮಾಡಿಕೊಂಡು ಇರುವುದಕ್ಕೆ. ತಲೆಯಲ್ಲಿ ನೀರು ತುಂಬಿದ ಮಕ್ಕಳು ಅಷ್ಟು ಜನ ಬರುತ್ತಾರೆ ಅಂತ ಅವರು ನೆನೆಸಿರಲಿಲ್ಲವಂತೆ. ಶಂಟ್ ಹಾಕಿ ಊರಿಗೆ ಕಳಿಸಿದರೆ, ಅದು ಕೆಟ್ಟ ದಿನ ಆ ಮಗುವಿಗೆ ಯಾರೂ ದಿಕ್ಕಿಲ್ಲ. ಆಗ ಅವರು ಬೇರೆ ದಾರಿ ಹುಡುಕಿದರು. ನೆತ್ತಿಯ ಮೂಲಕ ಸಣ್ಣ ದುರ್ಬೀನು ಇಳಿಸಿ, ಮಿದುಳಿನೊಳಗಿನ ಒಂದು ಕೋಣೆಯ ತಳದಲ್ಲಿ ತೂತು ಮಾಡಿ ನೀರಿಗೆ ಹೊಸ ದಾರಿ ಕೊಡುವುದು. ಇದು ಮೊದಲೇ ಗೊತ್ತಿದ್ದ ವಿಧಾನ. ಆದರೆ ಎಳೆಮಕ್ಕಳಲ್ಲಿ ಅಷ್ಟಾಗಿ ಫಲ ಕೊಡುತ್ತಿರಲಿಲ್ಲ. ವಾರ್ಫ್ ಅದರ ಜೊತೆಗೇ, ಆ ನೀರನ್ನು ಒಸರುವ ಅಂಗಾಂಶವನ್ನೂ ಸುಟ್ಟರು. ಒಂದು ವರ್ಷದೊಳಗಿನ ಮಕ್ಕಳಲ್ಲಿ ಬರೀ ತೂತು ಮಾಡಿದಾಗ ಶೇಕಡಾ 47 ಯಶಸ್ಸು, ಎರಡನ್ನೂ ಮಾಡಿದಾಗ ಶೇಕಡಾ 66. ಇದನ್ನು 2005ರಲ್ಲಿ ಪ್ರಕಟಿಸಿದರು. ಮುಂದೆ 2017ರಲ್ಲಿ ಅದೇ ಎಂಬಾಲೆಯಲ್ಲಿ 100 ಕೂಸುಗಳ ಮೇಲೆ ಶಂಟನ್ನೂ ಈ ವಿಧಾನವನ್ನೂ ಹೋಲಿಸಿ ನೋಡಿದರು. ಒಂದು ವರ್ಷದ ಕೊನೆಗೆ ಮಕ್ಕಳ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಎಷ್ಟೋ ಮಕ್ಕಳು ಟ್ಯೂಬಿನ ಹಂಗಿಲ್ಲದೆ ಬದುಕಬಹುದು.

ಇಲ್ಲಿ ನಮ್ಮ ದೇಶದ ಒಂದು ಪಾಲೂ ಇದೆ. ಶಂಟ್ ಹಾಕಲೇಬೇಕಾದ ಮಕ್ಕಳೂ ಇದ್ದರಲ್ಲ? ಅಮೆರಿಕದಲ್ಲಿ ಬಳಸುವ ಶಂಟಿಗೆ ಆಗ 650 ಡಾಲರ್. ಭಾರತದಲ್ಲಿ ತಯಾರಾಗುವ ಛಾಬ್ರಾ ಶಂಟಿಗೆ 35 ಡಾಲರ್. ವಾರ್ಫ್ 195 ಮಕ್ಕಳಲ್ಲಿ ಕೆಲವರಿಗೆ ಅದನ್ನು, ಉಳಿದವರಿಗೆ ಇದನ್ನು ಹಾಕಿ ಹೋಲಿಸಿ ನೋಡಿದರು. ಒಂದು ವರ್ಷ ಆದಮೇಲೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾದ ಟ್ಯೂಬು ಆಫ್ರಿಕಾದ ಎಷ್ಟೋ ಮಕ್ಕಳ ತಲೆಯಲ್ಲಿದೆ. ನಮ್ಮವರು ಇದನ್ನು ಹೇಳಿಕೊಳ್ಳುವುದೇ ಇಲ್ಲ.

ನನಗೆ ಇನ್ನೂ ದೊಡ್ಡದಾಗಿ ಕಾಣುವುದು ಮುಂದಿನ ಸಂಗತಿ. ವಾರ್ಫ್ 2006ರಲ್ಲಿ ಅಮೆರಿಕಕ್ಕೆ ವಾಪಸಾದರು. ಆಸ್ಪತ್ರೆ ನಿಲ್ಲಲಿಲ್ಲ. ಅವರಿಂದ ಕಲಿತ ಉಗಾಂಡದ ಸರ್ಜನ್ ಜಾನ್ ಮುಗಾಂಬಾ ಕೆಲಸ ಮುಂದುವರಿಸಿದರು. ಬೇರೆ ದೇಶಗಳ ಸರ್ಜನ್‌ಗಳು ಈ ವಿಧಾನ ಕಲಿಯುವುದಕ್ಕೆ ಎಂಬಾಲೆಗೆ ಬಂದರು. ವಾರ್ಫ್ ಅದೇ ವಿಧಾನವನ್ನು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಒಯ್ದರು. ಬಡ ದೇಶದಿಂದ ಶ್ರೀಮಂತ ದೇಶಕ್ಕೆ ವಿದ್ಯೆ ಹೋಯಿತು. ಮಿಷನ್ ಅಂದರೆ ಕೊಡುವುದು ಅಂತಲೇ ಅಂದುಕೊಂಡವರು ಇದನ್ನು ಗಮನಿಸಬೇಕು.

ಕಾಯಿಲೆಯ ಮೂಲವನ್ನು ಹುಡುಕುವ ಕೆಲಸವೂ ಅಲ್ಲೇ ನಡೆಯಿತು. ಉಗಾಂಡದ ಈ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇದು ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿದ ಮೇಲೆ, ಅದರಲ್ಲೂ ಮೊದಲ ತಿಂಗಳಲ್ಲೇ, ತಗಲಿದ ಸೋಂಕಿನಿಂದ ಬಂದದ್ದು. 2020ರಲ್ಲಿ ಪೀನಿಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಈ ಕೂಸುಗಳಲ್ಲಿ ಪತ್ತೆಯಾಯಿತು.

ಈಗ ಭೇಟಿಯ ವಿಷಯ.

ಕಂಪಾಲದಿಂದ ಎಂಬಾಲೆಗೆ ಹೋಗುವ ದಾರಿಯಲ್ಲಿ ಜಿಂಜಾ ಸಿಗುತ್ತದೆ. ನೈಲ್ ನದಿಯ ಸೇತುವೆ ದಾಟುತ್ತೀರಿ, ಗುಜರಾತಿಗಳ ಕಬ್ಬಿನ ತೋಟಗಳೂ ಕಾಣುತ್ತವೆ. ಅದೇ ಜಿಂಜಾದಲ್ಲಿ, ವೈದ್ಯಕೀಯ ತರಬೇತಿ ಇಲ್ಲದ ಅಮೆರಿಕದ ಒಬ್ಬ ಯುವತಿ ಅಪೌಷ್ಟಿಕ ಮಕ್ಕಳ ಕೇಂದ್ರ ನಡೆಸಿದ್ದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರು 2019ರಲ್ಲಿ ಕೋರ್ಟಿಗೆ ಹೋದರು. ಮರು ವರ್ಷ ರಾಜಿಯಾಯಿತು, ತಪ್ಪು ಒಪ್ಪಿಕೊಳ್ಳದೆಯೇ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಪ್ರೀತಿ ಇದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ಜಿಂಜಾ ನೆನಪಿರಲಿ ಅಂತ.

ನಮ್ಮ ವಾರ್ಡಿಗೂ ಗುಂಪುಗಳು ಬರುತ್ತಿದ್ದವು. ಬಲೂನು, ಚಾಕೊಲೇಟು, ಹಾಡು. ಮಕ್ಕಳಿಗೆ ಖುಷಿಯೇ, ಇಲ್ಲ ಅನ್ನುವುದಿಲ್ಲ. ಒಂದು ಸಲ 'ಬಾಯಿಗೆ ಏನೂ ಕೊಡಬೇಡಿ' ಅಂತ ಬೋರ್ಡು ಹಾಕಿದ ಮಗುವಿನ ಕೈಗೆ ಯಾರೋ ಚಾಕೊಲೇಟು ಕೊಟ್ಟರು. ಆಪರೇಷನ್ ಮುಂದಕ್ಕೆ ಹೋಯಿತು. ಹಾಸನದ ಕಡೆಯಿಂದ ಬಂದಿದ್ದ ಆ ತಾಯಿ ನನ್ನನ್ನು ಬೈದರು, 'ಏನ್ ಸಿಸ್ಟರ್, ನೀವು ನೋಡ್ಕೋಬೇಕಲ್ವಾ?' ಅಂತ. ಗುಂಪಿನವರು ಅಷ್ಟು ಹೊತ್ತಿಗೆ ಗ್ರೂಪ್ ಫೋಟೋ ತೆಗೆಸಿಕೊಂಡು ಹೊರಟಾಗಿತ್ತು.

ಹಾಗಾದರೆ ಹೋಗಲೇಬಾರದಾ? ಹೋಗಿ. ಆಸ್ಪತ್ರೆಗೆ ಮೊದಲೇ ಬರೆದು, ಏನು ಬೇಕು ಅಂತ ಕೇಳಿ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಬಯೋಮೆಡಿಕಲ್ ಇಂಜಿನಿಯರುಗಳಿದ್ದಾರೆ. ಕೆಟ್ಟ ಒಂದು ಮಾನಿಟರ್ ರಿಪೇರಿ ಮಾಡುವುದನ್ನು ಅಲ್ಲಿನ ಟೆಕ್ನಿಷಿಯನ್‌ಗೆ ತೋರಿಸಿಕೊಟ್ಟರೆ ಸೂಟ್‌ಕೇಸ್ ತುಂಬ ಗೊಂಬೆಗಳಿಗಿಂತ ಮೇಲು.

ಪ್ರಾರ್ಥನೆ ಮಾಡುವುದಾದರೆ ಮೊದಲು ತಾಯಿಯನ್ನು ಕೇಳಿ. ಎಂಬಾಲೆಯಲ್ಲಿ ಮುಸ್ಲಿಮರು ಬಹಳ ಇದ್ದಾರೆ. ಉಗಾಂಡದ ಇಸ್ಲಾಮಿಕ್ ವಿಶ್ವವಿದ್ಯಾಲಯ ಇರುವುದೇ ಆ ಊರಲ್ಲಿ. ಸುತ್ತಮುತ್ತ ಯೆಹೂದಿ ಧರ್ಮ ಪಾಲಿಸುವ ಹಳ್ಳಿಗಳೂ ಇವೆ. ಆ ತಾಯಂದಿರಲ್ಲಿ ಎಷ್ಟೋ ಜನ 'ಮಗುವಿಗೆ ಮಾಟ ಹಿಡಿದಿದೆ, ಶಾಪ ತಗಲಿದೆ' ಅನ್ನುವ ಮಾತು ಊರಲ್ಲಿ ಕೇಳಿಸಿಕೊಂಡು ಬಂದಿರುತ್ತಾರೆ. ಕೆಲವರನ್ನು ಗಂಡ ಬಿಟ್ಟು ಹೋಗಿರುತ್ತಾನೆ. ಅಂಥವಳ ಎದುರು ಪಾಪ, ಪರೀಕ್ಷೆ ಅಂತ ಮಾತು ತೆಗೆಯಬೇಡಿ. 'ನಿನ್ನ ತಪ್ಪಲ್ಲಮ್ಮ, ಇದು ಸೋಂಕಿನಿಂದ ಬಂದದ್ದು' ಅಂತ ಅವಳ ಭಾಷೆಯಲ್ಲೇ ಅಲ್ಲಿನ ನರ್ಸ್ ಹೇಳುತ್ತಾಳಲ್ಲ, ನನ್ನ ಮಟ್ಟಿಗೆ ಸುವಾರ್ತೆ ಅಂದರೆ ಅದೇ. ಆಗ ನೀವು ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಸಾಕು.

ಮಗುವಿನ ಫೋಟೋ ಬೇಡ. ತಾಯಿ ಒಪ್ಪಿದರೂ ಬೇಡ. ಆಸ್ಪತ್ರೆಯ ಹಂಗಿನಲ್ಲಿರುವವರು ಇಲ್ಲ ಅನ್ನುವುದು ಕಷ್ಟ.

ಕೊನೆಗೆ ಒಂದು ವ್ಯವಹಾರದ ಮಾತು. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ 10 ದಿನ ಮೊದಲೇ ಆಗಿರಬೇಕು. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಪಕ್ಕದ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಆ ಕಾರ್ಡ್ ಇಲ್ಲದೆ ವಾಪಸು ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ಹಿಡಿದು ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಯಾರ್ಯಾರು ಇನ್ನೂ ಹಾಕಿಸಿಕೊಂಡಿಲ್ಲ? ಕೈ ಎತ್ತಿ ನೋಡೋಣ.