ಅರಸನ ಮುಂದೆ ತೆನೆ ಹಿಡಿದ ಸಂತ

ಕೇಳುಗರಿಗೆ ನಮಸ್ಕಾರ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನೇರ್ಸ್‌ಬರೋ ಎಂಬ ಊರಿದೆ. ಅಲ್ಲಿ ನಿಡ್ ನದಿಯ ದಂಡೆಯ ಸುಣ್ಣಕಲ್ಲಿನ ಬಂಡೆಯಲ್ಲಿ ಒಂದು ಸಣ್ಣ ಗುಹೆ, ಅದರ ಮುಂದೆ ಪುಟ್ಟ ಪ್ರಾರ್ಥನಾ ಮಂದಿರವೊಂದರ ಅಡಿಪಾಯ, ಬಂಡೆಯಲ್ಲೇ ಕೊರೆದ ಬರಿದಾದ ಗೋರಿ. ಈಗ ಉಳಿದಿರುವುದು ಇಷ್ಟೇ.

ಇಲ್ಲಿ ಬಾಳಿದವರು ರಾಬರ್ಟ್, ಯಾರ್ಕ್ ನಗರದ ಅನುಕೂಲಸ್ಥ ಮನೆತನದವರು. ಮಠ ಸೇರಿದವರು ಕೆಲವೇ ತಿಂಗಳಲ್ಲಿ ಹೊರಬಂದರು. ಗುಂಪಿನ ವೈರಾಗ್ಯ ಅವರಿಗೆ ಒಗ್ಗಲಿಲ್ಲವೆಂದು ಕಾಣುತ್ತದೆ. ಆ ಸೀಮೆಯ ಪ್ರಭು ವಿಲಿಯಂ ಡಿ ಸ್ಟುಟ್‌ವಿಲ್, ಇವರು ಕಳ್ಳಕಾಕರಿಗೆ ಆಶ್ರಯ ಕೊಡುತ್ತಾರೆಂದು ದೂರಿ, ರಾಬರ್ಟರು ಒಂಟಿಯಾಗಿದ್ದ ಮೊದಲಿನ ನೆಲೆಯನ್ನು ಕೆಡವಿಸಿದ. ಆಮೇಲೆ ಕನಸಿನಲ್ಲಿ ಕರಾಳ ಮೂರ್ತಿಗಳು ಬಂದು ಬೆದರಿಸಿದವಂತೆ. ಎದ್ದವನೇ ಕ್ಷಮೆ ಬೇಡಿ ಭೂಮಿ, ಎತ್ತು, ಹಸುಗಳನ್ನು ಕೊಟ್ಟ. ಬೆಳೆದದ್ದೆಲ್ಲ ಬಡವರ ಪಾಲಾಯಿತು. ಒಡಹುಟ್ಟಿದ ವಾಲ್ಟರ್ ಯಾರ್ಕಿನ ಮೇಯರ್. ಎಷ್ಟು ಕರೆದರೂ ಇವರು ಗುಹೆ ಬಿಟ್ಟು ಬಾರದಿದ್ದಾಗ ಕಲ್ಲುಕುಟಿಗರನ್ನು ಕಳಿಸಿ ಈ ಮಂದಿರ ಕಟ್ಟಿಸಿಕೊಟ್ಟ.

ಕನಸು, ಪವಾಡಗಳಿಗಿಂತ ನನಗೆ ಹಿಡಿಸುವುದು 1216ರ ಒಂದು ಪ್ರಸಂಗ. ಇಂಗ್ಲೆಂಡಿನ ದೊರೆ ಜಾನ್ ಪರಿವಾರದೊಡನೆ ಗುಹೆಗೆ ಬಂದ. ರಾಬರ್ಟರು ಪ್ರಾರ್ಥನೆಯಿಂದ ಏಳಲೇ ಇಲ್ಲ. "ಏಳಿ, ಮಹಾರಾಜರು ಬಂದಿದ್ದಾರೆ" ಎಂದು ಒಬ್ಬ ಸರದಾರ ಅವಸರಿಸಿದಾಗ, ಕೈಯಲ್ಲೊಂದು ತೆನೆ ಹಿಡಿದು ದೊರೆಯನ್ನೇ ಕೇಳಿದರಂತೆ: ಏನೂ ಇಲ್ಲದಲ್ಲಿಂದ ಇಂಥದ್ದೊಂದನ್ನು ನೀನು ಸೃಷ್ಟಿಸಬಲ್ಲೆಯಾ? ಹಿಂದಿನ ವರ್ಷವಷ್ಟೇ ಸರದಾರರ ಒತ್ತಾಯಕ್ಕೆ ಮಣಿದು ಅರಸನ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನದಿಗೆ ಮುದ್ರೆ ಒತ್ತಿದ್ದ ದೊರೆ ಈತ. ಆದರೂ ಸಿಡುಕಲಿಲ್ಲ, ಉಳುಮೆಗೆ ಭೂಮಿ ಕೊಟ್ಟು ಹೋದ. ಅದರ ಬೆಳೆಯಲ್ಲಿ ಚರ್ಚಿಗೆ ಸಲ್ಲುವ ಹತ್ತನೇ ಒಂದು ಪಾಲು ಕೇಳಲು ಬಂದ ಊರಿನ ಪಾದ್ರಿಗೆ ಮಾತ್ರ ರಾಬರ್ಟರಿಂದ ಬೈಗುಳವೇ ಸಿಕ್ಕಿತು.

ಅವರು ತೀರಿಕೊಂಡದ್ದು 1218ರಲ್ಲಿ. ಅವರು ಬೇಡವೆಂದಿದ್ದ ಮಠದ ಬದುಕಿನವರೇ, ಫೌಂಟೆನ್ಸ್ ಮಠದ ಸನ್ಯಾಸಿಗಳು, ದೇಹ ಒಯ್ಯಲು ಬಂದರು. ನೇರ್ಸ್‌ಬರೋ ಕೋಟೆಯ ಸೈನಿಕರು ಅಡ್ಡ ನಿಂತರು. ಮುಂದೆ 1250ರ ದಶಕದಲ್ಲಿ ಟ್ರಿನಿಟೇರಿಯನ್ ಪಂಥದವರು ಸಮೀಪದಲ್ಲೇ ಮಠ ಕಟ್ಟಿದರು. ಒತ್ತೆಹಣ ಕೊಟ್ಟು ಸೆರೆಯಾಳುಗಳನ್ನು ಬಿಡಿಸುವುದು ಆ ಪಂಥದ ಕಾಯಕ. ದೊರೆ 8ನೇ ಹೆನ್ರಿಯ ಕಾಲದಲ್ಲಿ ಮಠ ಮುಚ್ಚಿತು.

1758ರಲ್ಲಿ ಗುಹೆಯೊಳಗೆ ಅಸ್ಥಿಪಂಜರವೊಂದು ಸಿಕ್ಕಿತು. ಆ ಮೂಳೆಗಳ ವ್ಯಕ್ತಿಯನ್ನು ಕೊಂದ ಆರೋಪ ಹೊತ್ತವನು ಯೂಜೀನ್ ಆರಾಮ್, ಊರಿನ ಹಳೆಯ ಶಾಲಾ ಮೇಷ್ಟ್ರು, ಭಾಷಾ ಪಂಡಿತ. ತಪಸ್ವಿಗಳಿದ್ದ ಜಾಗದಲ್ಲಿ ಸಿಗುವ ಮೂಳೆ ತಪಸ್ವಿಯದ್ದೇ ಇರಬಾರದೇಕೆ ಎಂದು ತನ್ನ ಪರವಾಗಿ ತಾನೇ ವಾದಿಸಿದ. ನ್ಯಾಯಾಲಯ ಒಪ್ಪಲಿಲ್ಲ. 1759ರಲ್ಲಿ ಯಾರ್ಕಿನಲ್ಲಿ ಅವನನ್ನು ಗಲ್ಲಿಗೇರಿಸಿದರು.