ಸದ್ದಿಲ್ಲದ ಸಂಗೀತ ಪರೀಕ್ಷೆ

ಎಲ್ಲರಿಗೂ ನಮಸ್ಕಾರ.

ನಾನು ಸಂಗೀತದಲ್ಲಿ ಪದವಿ ಓದುತ್ತಿದ್ದಾಗ ಇತಿಹಾಸದ ಪರೀಕ್ಷೆ ಮೂರು ಗಂಟೆಯದು. ಆ ಮೂರು ಗಂಟೆ ಹಾಲ್‌ನಲ್ಲಿ ಕೇಳಿಸುತ್ತಿದ್ದ ಸದ್ದು ಎರಡೇ. ಒಂದು ಫ್ಯಾನಿನದು, ಇನ್ನೊಂದು ಪುಟ ತಿರುಗಿಸುವುದು. ಒಂದು ಸ್ವರವೂ ಇಲ್ಲ. ಇಸವಿ ಬರೆದೆವು, ಗ್ರಂಥದ ಹೆಸರು ಬರೆದೆವು, ಯಾರು ಯಾರ ಶಿಷ್ಯರು ಅಂತ ಬರೆದೆವು. ನನಗೆ ಒಳ್ಳೆಯ ಅಂಕವೂ ಬಂತು.

ಆಮೇಲೆ ಮೊದಲ ಸಲ ಪಾಠ ಹೇಳಲು ನಿಂತೆ. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಎಲ್ಲರಿಗೂ ಮೊದಲು ಮಾಯಾಮಾಳವಗೌಳ ರಾಗವೇ ಯಾಕೆ ಮೇಡಂ?" ಪುರಂದರದಾಸರು ಹಾಗೆ ಹಾಕಿಕೊಟ್ಟರು ಅಂದೆ. "ಅವರು ಯಾಕೆ ಹಾಗೆ ಹಾಕಿಕೊಟ್ಟರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. 1484ರಿಂದ 1564 ಅನ್ನುವ ಇಸವಿ ಮಾತ್ರ ಇತ್ತು.

ಅವತ್ತು ಸಂಜೆ ಹಾರ್ಮೋನಿಯಂ ಮುಂದೆ ಕೂತು ಒಂದೊಂದೇ ಮನೆ ಒತ್ತಿ ನೋಡಿದೆ. ಸ ಪಕ್ಕದ ಮನೆಯೇ ರಿ. ರಿಯಿಂದ ಗಕ್ಕೆ ಹೋಗಲು ಮಧ್ಯೆ ಎರಡು ಮನೆ ಬಿಡಬೇಕು. ಗ ಪಕ್ಕದಲ್ಲೇ ಮ. ಈಗ ಪದಿಂದ ಶುರು ಮಾಡಿ. ಪ ಪಕ್ಕದ ಮನೆ ದ. ಎರಡು ಮನೆ ಬಿಟ್ಟರೆ ನಿ. ನಿ ಪಕ್ಕದಲ್ಲೇ ಮೇಲಿನ ಸ. ಅಂದರೆ ಕೆಳಗಿನ ಅರ್ಧ, ಮೇಲಿನ ಅರ್ಧ, ಎರಡೂ ಒಂದೇ ಅಳತೆ! ಮಗು ಸರಿಗಮ ಕಲಿತರೆ ಪದನಿಸದ ಅರ್ಧ ಕೆಲಸ ಆಗಿಹೋಯಿತು. ಸರಳೆ, ಜಂಟಿ, ಅಲಂಕಾರ ಅನ್ನುವ ಮೊದಲ ಸ್ವರಪಾಠಗಳನ್ನು ದಾಸರೇ ಜೋಡಿಸಿದರು ಎನ್ನುವುದು ಪರಂಪರೆಯ ಮಾತು. ಯಾರೇ ಜೋಡಿಸಿರಲಿ, ಮಗುವಿನ ಗಂಟಲು, ಮಗುವಿನ ಕಿವಿ ಎರಡನ್ನೂ ಹತ್ತಿರದಿಂದ ನೋಡಿದವರ ಕೆಲಸ ಅದು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. ಸಂಗೀತದ ಇತಿಹಾಸ ಅಂದರೆ ಹೆಚ್ಚಿನ ಪಾಲು ಹೇಳಿಕೊಟ್ಟವರ ಇತಿಹಾಸ. ಯೂನಿವರ್ಸಿಟಿಯಲ್ಲಿ ಇತಿಹಾಸ ಒಂದು ಪೇಪರ್, ಸಾಹಿತ್ಯ ಒಂದು ಪೇಪರ್, ಬೋಧನೆ ಇನ್ನೊಂದು ಪೇಪರ್ ಅಂತ ಮೂರು ಕೋಣೆ ಕಟ್ಟಿ ಮಧ್ಯೆ ಗೋಡೆ ಎಬ್ಬಿಸಿಬಿಟ್ಟರೆ, ಮೂರೂ ಬಡವಾಗುತ್ತವೆ.

ಇನ್ನೊಂದು ದೇಶದ ಕಥೆ ನೋಡಿ. ಸುಮಾರು ಸಾವಿರ ವರ್ಷದ ಹಿಂದೆ ಇಟಲಿಯಲ್ಲಿ ಗ್ವಿದೊ ಎಂಬ ಸನ್ಯಾಸಿ ಇದ್ದರು. ಚರ್ಚಿನ ಹಾಡುಗಳನ್ನು ಹುಡುಗರಿಗೆ ಕಲಿಸುವುದು ಅವರ ಕೆಲಸ. ಎಲ್ಲವನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಬೇಕಿತ್ತು. ಹತ್ತು ವರ್ಷ ಕಲಿತರೂ ಅರೆಬರೆ. ಗ್ವಿದೊ ಒಂದು ಸ್ತೋತ್ರ ತೆಗೆದುಕೊಂಡರು. ಅದರ ಮೊದಲ ಆರು ತುಣುಕುಗಳು ಒಂದಕ್ಕಿಂತ ಒಂದು ಒಂದೊಂದು ಸ್ವರ ಮೇಲಿನಿಂದ ಶುರುವಾಗುತ್ತವೆ. ಆ ತುಣುಕುಗಳ ಮೊದಲ ಅಕ್ಷರಗಳೇ ಉತ್, ರೆ, ಮಿ, ಫಾ, ಸೋಲ್, ಲಾ. ಹೊಸ ಹಾಡು ಎದುರಾದರೆ ಗೊತ್ತಿರುವ ಈ ಸ್ತೋತ್ರದಿಂದ ಸ್ವರ ಹುಡುಕಿಕೋ ಅಂದರು. ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನೂ ಬೆಳೆಸಿದರು. ಹತ್ತು ವರ್ಷದ ಕೆಲಸ ಈಗ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷದಲ್ಲಿ ಆಗುತ್ತದೆ ಅಂತ ತಮ್ಮ ಗೆಳೆಯನಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಇವತ್ತಿಗೂ ಜಗತ್ತಿನ ಎಷ್ಟೋ ಮಕ್ಕಳು ರೆ, ಮಿ, ಫಾ ಅನ್ನುತ್ತಿದ್ದಾರೆ. ತರಗತಿಯಲ್ಲಿ ಕಷ್ಟಪಡುತ್ತಿದ್ದ ಹುಡುಗರನ್ನು ನೋಡಿ ಮರುಗಿದ ಒಬ್ಬ ಮೇಷ್ಟ್ರು ಮಾಡಿದ ಕೆಲಸ ಅದು.

ಕನ್ಸರ್ವೇಟರಿ ಅಂತ ಕೇಳಿರುತ್ತೀರಿ. ದೊಡ್ಡ ಸಂಗೀತ ಶಾಲೆಗಳಿಗೆ ಹಾಗೆ ಹೆಸರು. ಆ ಮಾತು ಹುಟ್ಟಿದ್ದು 16ನೇ ಶತಮಾನದ ನೇಪಲ್ಸ್‌ನ ಅನಾಥಾಲಯಗಳಲ್ಲಿ. ದಿಕ್ಕಿಲ್ಲದ ಮಕ್ಕಳನ್ನು ಕಾಪಾಡುವ ಜಾಗ ಅಂತ ಅರ್ಥ. ಆ ಮಕ್ಕಳ ಹೊಟ್ಟೆಪಾಡಿಗೆ ಸಂಗೀತ ಕಲಿಸಿದರು. ಅಲ್ಲಿಂದಲೇ ಸಂಗೀತ ಶಾಲೆ ಅನ್ನುವ ಅರ್ಥ ಬಂತು.

ಈಗ ಸಾಹಿತ್ಯದ ಮಾತು. ನಮ್ಮಲ್ಲಿ ಸಂಗೀತದ ಜೊತೆ ಸಾಹಿತ್ಯ ಅಂದ ತಕ್ಷಣ ಹಾಡಿನ ಮಾತು ಅಂತಲೇ ಅಂದುಕೊಳ್ಳುತ್ತೇವೆ. ಈ ಓದಿನಲ್ಲಿ ಅದರ ಅರ್ಥ ದೊಡ್ಡದು. ಇಲ್ಲಿಯವರೆಗೆ ಕಟ್ಟಿದ ಕೃತಿಗಳು, ಬರೆದಿಟ್ಟ ಸ್ವರಲಿಪಿ, ಸಂಗೀತದ ನಿಯಮ ಹೇಳುವ ಲಕ್ಷಣಗ್ರಂಥ, ಎಲ್ಲ ಸೇರಿದ ಭಂಡಾರ ಅದು. ಅದನ್ನು ಬಾಯಿಪಾಠ ಮಾಡಿಸುವುದು ಸುಲಭ. ಬೇರೆ ರಾಗಗಳಿಗೆ ಮೂಲವಾದ ಸ್ವರಗಳ ಸಾಲು 72, ಅವೇ 72 ಮೇಳ ಅಂತ ನಾವೆಲ್ಲ ಗಿಳಿಪಾಠ ಒಪ್ಪಿಸಿದವರೇ. 17ನೇ ಶತಮಾನದಲ್ಲಿ ಆ ಲೆಕ್ಕ ಕೊಟ್ಟ ವೆಂಕಟಮಖಿಗಳೇ, ಬಳಕೆಯಲ್ಲಿ ಇರುವುದು 19 ಅಂತಲೂ ಹೇಳಿದ್ದಾರೆ. ಲೆಕ್ಕದಲ್ಲಿ ಇರುವುದು ಬೇರೆ, ಬಾಯಲ್ಲಿ ಇರುವುದು ಬೇರೆ. ಉಳಿದ ಐವತ್ತಮೂರರಲ್ಲಿ ಎಷ್ಟು ಆಮೇಲೆ ಹಾಡಾದವು, ಹೇಗೆ ಆದವು? ನಿಜವಾದ ಪಾಠ ಶುರುವಾಗುವುದು ಈ ಪ್ರಶ್ನೆಯಿಂದ, ಅಲ್ವಾ?

ನನ್ನ ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಇದನ್ನು ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

1720ರಲ್ಲಿ ಜರ್ಮನಿಯ ದೊಡ್ಡ ಸಂಗೀತಗಾರ ಬಾಕ್ ತನ್ನ ಒಂಬತ್ತು ವರ್ಷದ ಮಗನಿಗೆ ಒಂದು ಪುಸ್ತಕ ಮಾಡಿಕೊಟ್ಟರು. ಕೀಬೋರ್ಡ್ ಕಲಿಯಲು. ಅದರಲ್ಲಿ ಒಂದು ಪುಟ್ಟ ಪಾಠ ಇದೆ. ಸ್ವರಗಳ ಮೇಲೆ ಸಣ್ಣ ಸಣ್ಣ ಅಂಕಿ. ಯಾವ ಸ್ವರಕ್ಕೆ ಯಾವ ಬೆರಳು ಅಂತ ಅಪ್ಪನೇ ಗುರುತು ಹಾಕಿದ್ದು. ಬಲಗೈ ಮೇಲಕ್ಕೆ ಹೋಗುವಾಗ 3, 4, 3, 4 ಅಂತ ಇದೆ. ನಡುಬೆರಳು, ಉಂಗುರದ ಬೆರಳು, ಮತ್ತೆ ನಡುಬೆರಳು. ಈಗ ಎಲ್ಲರೂ ಹೆಬ್ಬೆರಳನ್ನು ಒಳಗೆ ತೂರಿಸಿ ನುಡಿಸುತ್ತಾರೆ. ಹಾಗಾಗಿ ಈ ಅಂಕಿ ನೋಡಿದರೆ ತಪ್ಪು ಬರೆದಿದ್ದಾರೇನೋ ಅನ್ನಿಸುತ್ತದೆ.

ಆ ಪುಟದ ಪ್ರತಿ ಹಂಚಿ, ಸುಮ್ನೆ ಈ ಬೆರಳಲ್ಲೇ ನುಡಿಸಿ ನೋಡಿ ಅಂದೆ. ಬೆರಳುಗಳು ಒಂದಕ್ಕೊಂದು ತೊಡರಿಕೊಂಡವು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಒಬ್ಬ ಹುಡುಗ ತಲೆ ಎತ್ತಿ ಹೇಳಿದ: "ಮೇಡಂ, ಹೀಗೆ ನುಡಿಸಿದರೆ ಸ್ವರಗಳು ಎರಡೆರಡು ಜೋಡಿಯಾಗಿ ಕೇಳುತ್ತವೆ." ಆ ಜೋಡಿ ಬೇಕಂತಲೇ ಮಾಡಿದ್ದೋ ಅಲ್ಲವೋ ಅಂತ ಬಲ್ಲವರು ಇನ್ನೂ ಚರ್ಚೆ ಮಾಡುತ್ತಾರೆ. ಆ ಚರ್ಚೆಗೆ ಈ ಹುಡುಗ ತನ್ನ ಬೆರಳಿನಿಂದಲೇ ಬಂದು ನಿಂತಿದ್ದ. ಆಮೇಲೆ 1753ರಲ್ಲಿ ಬಾಕ್ ಅವರ ಇನ್ನೊಬ್ಬ ಮಗ ಬರೆದ ಪುಸ್ತಕದ ಮಾತು ಹೇಳಿದೆ. ಹಿಂದಿನ ದೊಡ್ಡವರು ಬೆರಳು ತುಂಬಾ ಚಾಚಬೇಕಾದಾಗ ಮಾತ್ರ ಹೆಬ್ಬೆರಳು ಬಳಸುತ್ತಿದ್ದರು ಅಂತ ಅಪ್ಪ ಹೇಳಿದ್ದನ್ನು ಅಲ್ಲಿ ನೆನೆಸಿಕೊಂಡಿದ್ದಾರೆ. ಇಸವಿಯನ್ನು ನಾನು ಬೋರ್ಡ್ ಮೇಲೆ ಬರೆಯಲೇ ಇಲ್ಲ. ಎಲ್ಲರೂ ತಾವಾಗಿಯೇ ಬರೆದುಕೊಂಡರು.

ಇತಿಹಾಸ, ಕೃತಿ, ಕಲಿಸುವ ಕ್ರಮ, ಮೂರೂ ಒಂದೇ ಹಾಳೆಯಲ್ಲಿ ಇತ್ತು. ಬಿಡಿಸಿ ಬೇರೆ ಮಾಡಲು ಆಗುತ್ತಿರಲಿಲ್ಲ.

ನನಗೆ ನಿಜಕ್ಕೂ ನೋವಾಗುವ ವಿಷಯ ಒಂದಿದೆ. "ಕಛೇರಿ ಮಾಡಲು ಆಗದವರು ಪಾಠ ಹೇಳುತ್ತಾರೆ" ಅನ್ನುವ ಮಾತು. ಸಂಗೀತ ವಿಭಾಗಗಳ ಒಳಗೇ ಇದನ್ನು ಕೇಳಿದ್ದೇನೆ. ಬೋಧನೆಯ ಪೇಪರ್ ತಗೊಂಡವರನ್ನು ಎರಡನೇ ಸಾಲಿನವರಂತೆ ನೋಡುವುದನ್ನೂ ನೋಡಿದ್ದೇನೆ. ಇದು ತಪ್ಪು. 1885ರಲ್ಲಿ ಗ್ವಿದೊ ಆಡ್ಲರ್ ಎಂಬ ಇನ್ನೊಬ್ಬ ಗ್ವಿದೊ, ಆಸ್ಟ್ರಿಯಾದ ಸಂಗೀತ ವಿದ್ವಾಂಸರು, ಸಂಗೀತದ ಶಾಸ್ತ್ರೀಯ ಅಧ್ಯಯನಕ್ಕೆ ಒಂದು ನಕ್ಷೆ ಹಾಕಿದರು. ಯೂನಿವರ್ಸಿಟಿಗಳು ಇವತ್ತಿಗೂ ಅದರ ನೆರಳಲ್ಲೇ ಇವೆ. ಆ ನಕ್ಷೆಯಲ್ಲಿ ಕಲಿಸುವ ವಿದ್ಯೆಗೆ ಅದರದೇ ಜಾಗ ಇತ್ತು. ಅದನ್ನು ಕೆಳಗೆ ತಳ್ಳಿದ್ದು ಆಮೇಲಿನ ನಮ್ಮ ಅಭ್ಯಾಸ.

ಇಸವಿ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿಲ್ಲದಿದ್ದರೆ ಎಲ್ಲ ಕಲಸುಮೇಲೋಗರ ಆಗುತ್ತದೆ. ಆದರೆ ಇಸವಿ ಒಂದು ಗೂಟ. ಗೂಟಕ್ಕೆ ಏನನ್ನಾದರೂ ನೇತು ಹಾಕಬೇಕು. ಅದು ಕಿವಿಗೆ ಬಿದ್ದ ನಾದವೇ ಆಗಿರಬೇಕು. ಪದವಿ ಓದುತ್ತಿರುವ ಮಕ್ಕಳಿಗೆ ನಾನು ಕೇಳಿಕೊಳ್ಳುವುದು ಇಷ್ಟು. ನಾಳೆ ಓದಬೇಕಾದ ಪಾಠದಲ್ಲಿ ಒಂದು ಹೆಸರು ಬಂದರೆ, ಅವರದು ಒಂದು ಕೃತಿ ಕೇಳಿ. ಸಾಧ್ಯವಾದರೆ ಹಾಡಿ. ಆಮೇಲೆ ಮನೆಯಲ್ಲಿರುವ ಚಿಕ್ಕವರಿಗೆ ಅದರ ಒಂದು ಸಾಲು ಹೇಳಿಕೊಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಯೇ ನಿಮಗೆ ಅರ್ಥವಾಗಿಲ್ಲ ಅಂತ.

ಈ ಸಲ ಇತಿಹಾಸದ ಒಂದು ಪ್ರಶ್ನೆಪತ್ರಿಕೆ ತಯಾರು ಮಾಡುವ ಅವಕಾಶ ನನಗೆ ಸಿಕ್ಕಿದೆ. ಮೊದಲ ಪ್ರಶ್ನೆ ಬರೆದಾಯಿತು. ಓದುತ್ತೇನೆ, ಕೇಳಿ.

"ಈಗ ಎರಡು ನಿಮಿಷದ ಒಂದು ತುಣುಕನ್ನು ಮೂರು ಸಲ ಕೇಳಿಸಲಾಗುತ್ತದೆ. ಇದು ಯಾವ ಕಾಲದ್ದಿರಬಹುದು? ನಿಮ್ಮ ಕಿವಿಗೆ ಬಿದ್ದ ಯಾವುದರಿಂದ ಹಾಗೆ ಹೇಳುತ್ತೀರಿ? ಇದನ್ನು ಹತ್ತು ವರ್ಷದ ಒಂದು ಮಗುವಿಗೆ ಕಲಿಸಬೇಕಾದರೆ ಮೊದಲ ಹತ್ತು ನಿಮಿಷ ಏನು ಮಾಡುತ್ತೀರಿ?"