ರೂಸ್‌ವೆಲ್ಟ್ ಅವೆನ್ಯೂದ ಲೊರೇನಾ

ಕೇಳುಗರಿಗೆ ನಮಸ್ಕಾರ. ಮಡಿಕೇರಿಯಲ್ಲಿ ಕೂತು ನ್ಯೂಯಾರ್ಕಿನ ಹೆಂಗಸೊಬ್ಬರ ಬಗ್ಗೆ ಮಾತಾಡೋದು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಇರಲಿ, ಸ್ವಲ್ಪ ಕೇಳಿ.

ಅವರ ಹೆಸರು ಲೊರೇನಾ ಬೋರ್ಹಾಸ್. ಟ್ರಾನ್ಸ್‌ಜೆಂಡರ್ ಮಹಿಳೆ. ಹುಟ್ಟಿದ್ದು 1960ರಲ್ಲಿ, ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟರು. 1981ರಲ್ಲಿ ಗಡಿ ದಾಟಿ ಅಮೆರಿಕಕ್ಕೆ ಬಂದು, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ನೆಲೆ ನಿಂತರು. ಮುಂದಿನ ವರ್ಷಗಳು ಸುಖದ್ದಲ್ಲ. ಮಾದಕ ವ್ಯಸನ ಅಂಟಿತು. ಜೊತೆಗಿದ್ದವನೇ ಅವರನ್ನು ಮೈ ಮಾರುವ ದಂಧೆಗೆ ನೂಕಿದ. ಪೊಲೀಸರು ಹಿಡಿದದ್ದು ಒಂದೆರಡು ಸಲ ಅಲ್ಲ. ಆ ಕೇಸುಗಳಿಂದಾಗಿ ಅವರ ವಾಸದ ಪರವಾನಗಿಗೇ ಕುತ್ತು ಬಂತು.

ಇಂಥ ಬದುಕಿನಿಂದ ಎದ್ದು ಬಂದವರು ಸಾಮಾನ್ಯವಾಗಿ ಆ ಬೀದಿಯ ಕಡೆ ಮತ್ತೆ ತಲೆ ಹಾಕೋದಿಲ್ಲ, ಅಲ್ವಾ? ಲೊರೇನಾ ಅಲ್ಲಿಗೇ ಹೋದರು. ರೂಸ್‌ವೆಲ್ಟ್ ಅವೆನ್ಯೂ ಅಂತ ಒಂದು ರಸ್ತೆ. ಮೇಲೆ ಕಬ್ಬಿಣದ ಕಂಬಗಳ ಮೇಲೆ ರೈಲು ಓಡುತ್ತದೆ, ಕೆಳಗೆ ಅಂಗಡಿಗಳು. ರಾತ್ರಿ ಹೊತ್ತು ಅಲ್ಲಿ ಚಕ್ರದ ಗಾಡಿಯೊಂದನ್ನು ಎಳೆದುಕೊಂಡು ಅವರು ಓಡಾಡುತ್ತಿದ್ದರು. ಗಾಡಿಯಲ್ಲಿ ತಿಂಡಿ, ಕಾಂಡೋಮ್. ಗಿರಾಕಿಗಾಗಿ ಕಾಯುವ ಹುಡುಗಿಯರನ್ನು ನಿಲ್ಲಿಸಿ, ಊಟ ಆಯ್ತಾ, ಆರೋಗ್ಯ ಹೇಗಿದೆ ಅಂತ ವಿಚಾರಿಸುತ್ತಿದ್ದರು. ಆಸ್ಪತ್ರೆಗೆ ಹೋಗಲು ಹೆದರುವವರಿಗೆ ತಮ್ಮ ಮನೆಯಲ್ಲೇ ಎಚ್‌ಐವಿ ಪರೀಕ್ಷೆ ಏರ್ಪಾಡು ಮಾಡಿಸಿದರು. ಆಗೆಲ್ಲ ಆ ಊರಿನ ಪೊಲೀಸರಿಗೆ ಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದೇ ಸಾಕ್ಷಿ. ಜೀವ ಉಳಿಸುವ ವಸ್ತು ಇಟ್ಟುಕೊಂಡದ್ದೇ ಅಪರಾಧ! ಇದನ್ನು ಓದಿದಾಗ ನನಗೆ ಸಿಟ್ಟೂ ಬಂತು, ನಗುವೂ ಬಂತು.

ಆದರೆ ಅವರ ದೊಡ್ಡ ಕೆಲಸ ಇದ್ದದ್ದು ಕೋರ್ಟಿನಲ್ಲಿ. ಯಾರನ್ನೋ ಸಣ್ಣ ಕೇಸಿನಲ್ಲಿ ಹಿಡಿಯುತ್ತಾರೆ. ಜಾಮೀನಿನ ಹಣ ಕೂಡ ಅಷ್ಟೇನೂ ಜಾಸ್ತಿ ಇರೋದಿಲ್ಲ. ಆದರೆ ಕಟ್ಟುವವರೇ ಇಲ್ಲ. ಒಳಗೆ ಕೂತಷ್ಟೂ ಕೆಲಸ ಹೋಯ್ತು, ಬಾಡಿಗೆ ಮನೆ ಹೋಯ್ತು. ಬೇಗ ಬಿಟ್ಟರೆ ಸಾಕು ಅಂತ ತಪ್ಪೊಪ್ಪಿಕೊಂಡರೆ ದೇಶದಿಂದಲೇ ಹೊರಗೆ ಹಾಕುವ ಭಯ. ಲೊರೇನಾ ಒಬ್ಬ ವಕೀಲರ ಜೊತೆ ಸೇರಿ ಇದಕ್ಕಾಗಿಯೇ ಒಂದು ನಿಧಿ ಕಟ್ಟಿದರು. ಕೋರ್ಟಿಗೆ ಹೋಗಿ ಜಾಮೀನು ಕಟ್ಟೋದು, ವಕೀಲರನ್ನು ಹುಡುಕೋದು, ಮುಂದಿನ ತಾರೀಖಿಗೆ ತಪ್ಪದೆ ಬಾ ಅಂತ ಫೋನ್ ಮಾಡಿ ಬೆನ್ನು ಹತ್ತೋದು. ತಾಯಿ ಅಂತ ಅವರನ್ನು ಕರೆದದ್ದು ಸುಮ್ನೆ ಅಲ್ಲ.

2017ರಲ್ಲಿ ನ್ಯೂಯಾರ್ಕ್ ಗವರ್ನರ್ ಅವರಿಗೆ ಕ್ಷಮಾದಾನ ಕೊಟ್ಟರು. 2019ರಲ್ಲಿ ಪೌರತ್ವ ಸಿಕ್ಕಿತು. ಆ ಪೌರತ್ವದ ಸಂತೋಷ ಬಹಳ ಕಾಲ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ, ದುಡಿಮೆ ಕಳೆದುಕೊಂಡ ಟ್ರಾನ್ಸ್ ಜನರಿಗಾಗಿ ಹಣ ಕೂಡಿಸತೊಡಗಿದ್ದರು. ಅದೇ ಮಾರ್ಚ್ 30ರಂದು ಅದೇ ಕಾಯಿಲೆಯಿಂದ ತೀರಿಕೊಂಡರು. 59 ವರ್ಷ. ಒಟ್ಟಿಗೆ ಸೇರಿ ಅಳುವುದಕ್ಕೂ ಆಗದ ದಿನಗಳು ಅವು. ಜನ ಫೋನು, ಕಂಪ್ಯೂಟರಿನ ಪರದೆಯ ಮುಂದೆ ಕೂತು ಅವರನ್ನು ಬೀಳ್ಕೊಟ್ಟರು.

ಈಗ ನಮ್ಮ ಕೊಡಗಿಗೆ ಬರೋಣ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ ನೋಡಿರುತ್ತೀರಿ. ಜೇನು ಕುರುಬ, ಯರವ ಗಂಡಸರು ಸೀರೆ ರವಿಕೆ ತೊಟ್ಟು, ಡಬ್ಬ ಬಡಿದು, ಬೈಗುಳದ ಹಾಡು ಹಾಡಿ ಕಾಸು ಕೇಳುತ್ತಾರೆ. ತಮ್ಮನ್ನು ಕಾಡಿನಲ್ಲಿ ಕೈಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅಯ್ಯಪ್ಪನನ್ನೇ ಬೈಯುವ ಹಬ್ಬ ಅದು. ನಾವು ಬೈಸಿಕೊಂಡು, ನಗುತ್ತಲೇ ಕಾಸು ಕೊಡುತ್ತೇವೆ. ಅದೇ ಗೋಣಿಕೊಪ್ಪದ ಸಂತೆಯಲ್ಲಿ ಮಂಗಳಮುಖಿಯೊಬ್ಬರು ಕೈ ಚಾಚಿದರೆ ಮುಖ ತಿರುಗಿಸುತ್ತೇವೆ. ಹಬ್ಬದ ವೇಷ ಬೇರೆ, ಒಬ್ಬರ ಬದುಕು ಬೇರೆ, ಎರಡನ್ನೂ ಒಂದು ಮಾಡಬಾರದು. ಆದರೂ ಹಬ್ಬದ ದಿನ ಇರುವ ಸಲಿಗೆ ಉಳಿದ ದಿನ ಎಲ್ಲಿ ಹೋಗುತ್ತದೆ ಅಂತ ಕೇಳಬೇಕಲ್ವಾ?

ಕಾಗದದ ಮೇಲೆ ನಾವೇನೂ ಹಿಂದೆ ಬಿದ್ದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2014ರಲ್ಲಿ. ಸರ್ಕಾರಿ ನೌಕರಿಯಲ್ಲಿ ಶೇಕಡ 1ರಷ್ಟು ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ಕೊಟ್ಟಿತು, ದೇಶದಲ್ಲೇ ಮೊದಲು. ಅದೇ ವರ್ಷ ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ ಮಂಜಮ್ಮ ಜೋಗತಿ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ತೆಗೆದುಕೊಂಡದ್ದನ್ನು ಇಡೀ ದೇಶ ನೋಡಿತು. 2019ರ ಕಾಯ್ದೆ ಪ್ರಕಾರ ಗುರುತಿನ ಪತ್ರ ಕೊಡುವವರು ಜಿಲ್ಲಾಧಿಕಾರಿ.

ಆದರೆ ಕುಟ್ಟದ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿರುವ ಒಬ್ಬರನ್ನು ನೆನೆಸಿಕೊಳ್ಳಿ. ಓದು ಅಷ್ಟಕ್ಕಷ್ಟೆ. ಆಧಾರ್‌ನಲ್ಲಿ ಒಂದು ಹೆಸರು, ಕರೆಯುವುದು ಇನ್ನೊಂದು ಹೆಸರು. ಮಡಿಕೇರಿಗೆ ಬಂದು ಹೋಗೋದು ಅಂದರೆ ಒಂದು ದಿನದ ಕೂಲಿ ಹೋಯ್ತು. ಕೌಂಟರಿನ ಮುಂದೆ ನಿಂತಾಗ ಹಿಂದಿನಿಂದ ಯಾರೋ ಕಿಸಕ್ಕನೆ ನಗುತ್ತಾರೆ. ಇಂಥವರು ಅರ್ಜಿ ಕೊಡದೇ ಮೈಸೂರಿನ ಬಸ್ಸು ಹತ್ತಿದರೆ ಆಶ್ಚರ್ಯವೇನು? ಅವರಿಗೆ ಬೇಕಾದದ್ದು ಇನ್ನೊಂದು ಕಾಯ್ದೆ ಅಲ್ಲ, ಜೊತೆಗೆ ಬರುವ ಒಂದು ಜನ. ಲೊರೇನಾ ಮಾಡಿದ್ದೂ ಅದನ್ನೇ.

ಅವರು ಹೋದ ಮೇಲೆ, 2021ರ ಫೆಬ್ರುವರಿಯಲ್ಲಿ, ರಸ್ತೆಯಲ್ಲಿ ಸುಮ್ಮನೆ ನಿಂತವರನ್ನೂ ಹಿಡಿಯಲು ದಾರಿ ಮಾಡಿದ್ದ 1976ರ ಕಾನೂನನ್ನು ನ್ಯೂಯಾರ್ಕ್ ರದ್ದು ಮಾಡಿತು. ಕ್ವೀನ್ಸ್‌ನ ಒಂದು ರಸ್ತೆಗೆ ಈಗ ಲೊರೇನಾ ಹೆಸರಿದೆ.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಜೊತೆಗೆ ಹೋಗಬೇಕು ಅನ್ನಿಸಿದರೆ, ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ವಕೀಲರಿಗೆ ದುಡ್ಡು ಕೊಡಲಾಗದ ಬಡವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಕಾನೂನು ಸಹಾಯವಾಣಿ 15100. ಪೆನ್ನು ಹುಡುಕುತ್ತಿರುವವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ: ಒಂದು, ಐದು, ಒಂದು, ಸೊನ್ನೆ, ಸೊನ್ನೆ. ನಮಸ್ಕಾರ.